ಪಾಪಾತಿಯ ಸೆರಗಿನ ಅಕ್ಕಿ

ಅವಿನಾಶಿಯ ಕನ್ನಡ ನೇಕಾರರ ಮನೆಯಲ್ಲಿ ಬೆಳೆದ ನಿತ್ಯಾಗೆ ಯಾವುದನ್ನೂ ದಂಡ ಮಾಡಬಾರದೆಂಬುದು ಹುಟ್ಟುಗುಣ. ಮನೆಮಂದಿಗೆಲ್ಲ ನೀರು ಕುಡಿಯಲು ಒಂದೇ ಚೊಂಬು, ಇನ್ನೊಂದು ಯಾಕೆ? ಕೊಯಮತ್ತೂರಿನ ಸಣ್ಣ ಕಂಪನಿಯಲ್ಲಿ ಪ್ರೋಗ್ರಾಂ ಬರೆಯುವಾಗಲೂ ಆ ಬುದ್ಧಿ ಬಿಡಲಿಲ್ಲ. ಪಾಪ, ಅದಕ್ಕೇ ಎಲ್ಲರೂ ಅವಳನ್ನು ಹೊಗಳುತ್ತಿದ್ದರು.

ಬನಿಯನ್, ಟೀ ಶರ್ಟ್ ಹೊಲಿಯುವ ತಿರುಪ್ಪೂರಿನ ಒಂದು ಕಂಪನಿಗೆ ಅವಳು ವೆಬ್ ಆ್ಯಪ್ ಮಾಡಿಕೊಟ್ಟಳು. ಪಾಳಿ ಮುಗಿಯುವವರೆಗೆ ಅಲ್ಲಿನ ಹೆಂಗಸರ ಮೊಬೈಲುಗಳೆಲ್ಲ ಗೇಟಿನಲ್ಲೇ. ಮನೆಯವರು ಆ್ಯಪಿನಲ್ಲಿ ಸುದ್ದಿ ಬರೆದರೆ ಸೂಪರ್‌ವೈಸರ್ ನೋಡಿ ಹೇಳಬೇಕು. ಸುದ್ದಿ ಯಾವ ಹೆಂಗಸಿಗೆ ಸೇರಿದ್ದೆಂದು ನೆನಪಿಡುವ, ಚೀಟಿಯಂಥ ಆಬ್ಜೆಕ್ಟನ್ನು ಕೋಡಿಗೆ ಒದಗಿಸುವುದು ಕಂಟೈನರ್ ಎಂಬ ಭಾಗ. ಒಂದೊಂದು ಸುದ್ದಿಗೂ ಹೊಸದನ್ನು ಕೊಡು ಎಂದು ಅದಕ್ಕೆ ಹೇಳಬೇಕಿತ್ತು. ನಿತ್ಯಾ ‘ಸಿಂಗಲ್ಟನ್’ ಎಂದು ಬರೆದಳು, ಇಡೀ ಆ್ಯಪಿಗೆ ಒಂದೇ ಸಾಕು ಎಂದು. ಒಬ್ಬಳೇ ಕೂತು ಪರೀಕ್ಷೆ ಮಾಡಿದಳು. ಒಬ್ಬರೇ ಇದ್ದಾಗ ಎಲ್ಲ ಸರಿಯಾಗಿಯೇ ನಡೆಯಿತು.

ಒಂದು ಬೆಳಿಗ್ಗೆ ಎರಡು ಸುದ್ದಿ ಒಟ್ಟಿಗೆ ಬಂದವು. ಅಮ್ಮ ತೀರಿಕೊಂಡಳೆಂದು ಅಲ್ಲಿ ಹೊಲಿಗೆ ಕೆಲಸದ ಪಾಪಾತಿಗೆ ಕಾರಮಡೈಯಿಂದ ಅವಳ ತಮ್ಮ ಬರೆದ. ಅದೇ ಗಳಿಗೆಯಲ್ಲಿ ಇನ್ನೊಬ್ಬ ಕೆಲಸದವಳು ತೆನ್ಮೊಳಿಯ ಮನೆಯವರು, ಅವಳು ಇವತ್ತು ಕೆಲಸಕ್ಕೆ ಬರುವುದಿಲ್ಲ ಎಂದು ಬರೆದರು. ಇದ್ದದ್ದು ಒಂದೇ ಆಬ್ಜೆಕ್ಟು. ಪಾಪಾತಿಯ ಹೆಸರನ್ನು ಅಳಿಸಿ ತೆನ್ಮೊಳಿಯ ಹೆಸರು ಕೂತಿತು. ಸಾವಿನ ಸುದ್ದಿ ತೆನ್ಮೊಳಿಯದೆಂದು ಓದಿದ ಸೂಪರ್‌ವೈಸರ್, ರಜೆ ಹಾಕಿದ್ದು ಅದಕ್ಕೇ ಇರಬೇಕು ಎಂದು ಮರುಗಿ ಸುಮ್ಮನಾದಳು. ಪಾಪಾತಿ ಸಂಜೆಯವರೆಗೂ ಕಾಲರ್ ಹೊಲಿದಳು. ತಮ್ಮನ ಮೊಬೈಲಿನಲ್ಲಿ ‘ಸುದ್ದಿ ತಲುಪಿದೆ’ ಎಂದಿತ್ತು. ಅಕ್ಕ ಬಂದಾಳೆಂದು ಕಾದೂ ಕಾದೂ, ಹೊತ್ತು ಮುಳುಗುವ ಮುಂಚೆ ಹೆಣ ಎತ್ತಿದರು. ತಾಯಿಯ ಬಾಯಿಗೆ ಮಗಳು ಹಾಕಬೇಕಾದ ಅಕ್ಕಿ ಬೀಳಲೇ ಇಲ್ಲ.

ಮರುದಿನ ತಿರುಪ್ಪೂರಿನಿಂದ ದೂರು ಬಂದು, ಹುಡುಕಿದಾಗ ನಿತ್ಯಾಗೆ ತಪ್ಪು ಸಿಕ್ಕಿತು. ನೆಟ್‌ವರ್ಕ್ ತೊಂದರೆ ಎಂದು ಹೇಳಿ ಮುಗಿಸೋಣ ಎಂದರು ಅವಳ ಕಂಪನಿಯವರು. ನಿತ್ಯಾ ಒಪ್ಪಲಿಲ್ಲ. ಮೂರನೆಯ ದಿನ ಕಾರಮಡೈ ಬಸ್ಸು ಹತ್ತಿದಳು.

ಪಾಪಾತಿಯ ಎದುರು ನೆಲದ ಮೇಲೆ ಕೂತು ಎಲ್ಲ ಹೇಳಿದಳು. ತನ್ನ ಮನೆಯ ಕನ್ನಡವನ್ನೇ ಆಡುವ ಹುಡುಗಿಯನ್ನು ಪಾಪಾತಿ ಬಯ್ಯಲಿಲ್ಲ.

“ಸರಿ ಮಾಡಕ್ಕೆ ಎಷ್ಟು ಹೊತ್ತಾಯ್ತು, ಕಣ್ಣು?”

“ಒಂದು ನಿಮಿಷ ಅಕ್ಕಾ. ಒಂದು ಪದ ಬದಲು ಮಾಡ್ದೆ, ಅಷ್ಟೇ.”

ಪಾಪಾತಿ ಸೆರಗಿನ ಗಂಟು ಬಿಚ್ಚಿದಳು. ಅಂದು ಸಂಜೆ ಗೇಟಿನಲ್ಲಿ ಮೊಬೈಲು ಕೈಗೆ ಸಿಕ್ಕಿ, ಸುದ್ದಿ ಕೇಳಿ ಓಡಿಬಂದಾಗ ಕಟ್ಟಿಕೊಂಡು ತಂದಿದ್ದ ಹಿಡಿ ಅಕ್ಕಿ ಹಾಗೆಯೇ ಇತ್ತು.

“ಇದ ಎಲ್ಲಿ ಹಾಕ್ಲಿ, ನೀನೇ ಹೇಳು.”

ನಿತ್ಯಾ ಅಳುತ್ತ ಬೊಗಸೆಯೊಡ್ಡಿದಳು. ಪಾಪಾತಿ ಕೊಡಲಿಲ್ಲ. ಮತ್ತೆ ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.