ಮುಸಬ್ಬಹನ ಗಾಡಿಯ ಗಾಳಿ ಕದ್ದವರು

ಒಮಾನಿನ ಬಿದಿಯಾದಲ್ಲಿ ಡಾಂಬರು ಮುಗಿದು ಮರಳು ಶುರುವಾಗುವ ಕಡೆ ಒಂದು ದೊಡ್ಡ ಬನ್ನಿ ಮರವಿದೆ. ಮರಳಿಗೆ ಇಳಿಯುವ ಗಾಡಿಗಳೆಲ್ಲ ಅದರ ನೆರಳಲ್ಲಿ ನಿಂತು ಚಕ್ರದ ಗಾಳಿ ಬಿಡುತ್ತವೆ. ಮರಳಿನಿಂದ ಹೊರಬಂದವು ಎದುರಿಗಿರುವ ಮೊತಾಲೆಬನ ಟೈರಂಗಡಿಯಲ್ಲಿ ಮತ್ತೆ ಗಾಳಿ ತುಂಬಿಸಿಕೊಂಡು ಊರ ದಾರಿ ಹಿಡಿಯುತ್ತವೆ. ಗಾಳಿ ಅಳೆಯುವ ಮೀಟರಿನ ಲೆಕ್ಕದಲ್ಲಿ ಡಾಂಬರಿಗೆ ಮೂವತ್ತೈದು, ಮರಳಿಗೆ ಹದಿನೈದು. ಗಟ್ಟಿ ಚಕ್ರ ಮರಳನ್ನು ಅಗೆದುಕೊಂಡು ಹೂತುಹೋಗುತ್ತದೆ. ಮೆತ್ತಗಾದ ಚಕ್ರ ಒಂಟೆಯ ಪಾದದ ಹಾಗೆ ಹರಡಿ ಮೇಲೆ ತೇಲುತ್ತದೆ. ಅದೇ ಮೆತ್ತನೆಯ ಚಕ್ರವನ್ನು ಡಾಂಬರಿನ ಮೇಲೆ ಓಡಿಸಿದರೆ ಕಾದು ಸಿಡಿಯುತ್ತದೆ. ಹಾಲುಹಲ್ಲು ಬೀಳದ ಮಕ್ಕಳಿಗೂ ಅಲ್ಲಿ ಇದು ಗೊತ್ತು. ಆದರೂ ಮುಸಬ್ಬಹ್ ಬಿನ್ ಹಮೂದ್ ಇದನ್ನು ಮೂವತ್ತು ವರ್ಷಗಳಿಂದ, ತಾನೇ ಆಗಷ್ಟೇ ಕಂಡುಹಿಡಿದವನಂತೆ, ಬಂದವರಿಗೆಲ್ಲ ವಿವರಿಸುತ್ತಿದ್ದ.

ಮೀಟರು ಒತ್ತಿ ಗಾಳಿ ನೋಡುವವರನ್ನು ಕಂಡರೆ ಅವನಿಗೆ ಕನಿಕರ. "ಮಗೂಗೆ ಜ್ವರ ಇದೆಯೋ ಇಲ್ವೋ ಅಂತ ತಿಳ್ಕೊಳ್ಳೋಕೆ ಹಣೆ ಮುಟ್ಟಿದ್ರೆ ಸಾಲ್ದಾ?" ಎನ್ನುತ್ತಿದ್ದ. ಅವನ ಕ್ರಮ ಬೇರೆ. ಕುಕ್ಕುರುಗಾಲಿನಲ್ಲಿ ಕೂತು, ಗಾಳಿ ಬಿಡುತ್ತ ಬಿಡುತ್ತ ಟೈರಿನ ಹೊಟ್ಟೆ ಎಷ್ಟು ಹೊರಗೆ ಬಂತೆಂದು ನೋಡುವುದು. ಗಾಡಿಯನ್ನು ಒಂದು ಮಾರು ಮುಂದಕ್ಕೆ ಸರಿಸಿ, ಟೈರು ಊರಿದ ಜಾಗವನ್ನು ಅಂಗೈಯಿಂದ ಅಳೆಯುವುದು. ಒಂದು ಗೇಣು ನಾಲ್ಕು ಬೆರಳು ಬಂದರೆ ಹದಿನೈದು. ಮನೆತನದ ಗಾಡಿಗಳು ಸಾಲಾಗಿ ಮರಳು ದಾಟುವಾಗ ಮುಂದಿನ ಗಾಡಿ ಅವನದೇ. ಹೊರಡುವ ಮುನ್ನ ಆಸ್ಪತ್ರೆಯ ದೊಡ್ಡ ಡಾಕ್ಟರರಂತೆ ಕೈ ಹಿಂದೆ ಕಟ್ಟಿಕೊಂಡು ಸಾಲಿನುದ್ದಕ್ಕೂ ನಡೆದು, "ನಿಂದು ಇನ್ನೊಂದು ಉಸಿರು ಬಿಡ್ಲಿ", "ನಿಂದು ಸಾಕು, ಮುಚ್ಚು" ಎಂದು ಅಪ್ಪಣೆ ಕೊಡುವುದೂ ಅವನೇ.

ಇಂಥವನ ಗಾಡಿಯ ಟೈರು ಆ ಚಳಿಗಾಲದಲ್ಲಿ ಒಂದೇ ತಿಂಗಳಲ್ಲಿ ಮೂರು ಸಲ ರಿಮ್ಮಿನಿಂದ ಕಳಚಿಕೊಂಡಿತು.

ಮೂರನೆಯ ಸಲ ಪಕ್ಕದ ಸೀಟಿನಲ್ಲಿ ಅಣ್ಣ ಸೈಫ್ ಕೂತಿದ್ದ. ಸೈಫ್ ಮನೆತನಕ್ಕೆ ಹಿರಿಯ, ಮಾತು ಕಡಿಮೆ. ದಿಬ್ಬದ ಓರೆಯಲ್ಲಿ ಗಾಡಿ ಕುಂಟಿ ನಿಂತಾಗ ಅವನ ಮಡಿಲಿಗೆ ಫ್ಲಾಸ್ಕಿನ ಕಾಫಿ ಚೆಲ್ಲಿತು. ಹಿಂದೆ ಬರುತ್ತಿದ್ದ ಸೈಫನ ಹಿರಿಯ ಮಗ ಹಿಲಾಲ್, ಮೂವತ್ತರ ಆಸುಪಾಸಿನ ಗಂಡಸು, ಇಳಿದುಬಂದು ಜಾಕು ಹಚ್ಚಿ ಟೈರು ಕೂರಿಸಿದ. ಆಮೇಲೆ ಜೇಬಿನಿಂದ ಮೀಟರು ತೆಗೆದು ಉಳಿದ ಮೂರು ಚಕ್ರಗಳಿಗೆ ಒತ್ತಿದ. ಎಂಟು. ಎಂಟು. ಮೂರನೆಯದೂ ಎಂಟೇ.

"ನಾನು ಮರದ ಕೆಳಗೆ ಹದಿನೈದಕ್ಕೆ ನಿಲ್ಸಿದ್ದೆ," ಎಂದ ಮುಸಬ್ಬಹ್. "ಏಳು ಎಲ್ಲಿಗೆ ಹೋಯ್ತು?"

"ಚಿಕ್ಕಪ್ಪ, ನೀವು ಹೋದ ತಿಂಗಳು ಹಾಕ್ಸಿದ ಆ ಟೈರು ಇದಾವಲ್ಲ..."

"ಟೈರಿನ ವಿಷಯ ನೀನು ನನಗೆ ಹೇಳ್ತೀಯಾ? ನಿನಗೆ ನಡೆಯೋಕೆ ಬರೋ ಮುಂಚೆ ನಾನು ಈ ದಿಬ್ಬ ಹತ್ತಿದವನು."

ಹಿಲಾಲ್ ಸುಮ್ಮನಾದ. ಸೈಫ್ ಅಂಗಿ ಒರೆಸಿಕೊಳ್ಳುತ್ತ, "ಗುರುವಾರ ನನ್ನ ಚಿಕ್ಕ ಮಗನ ಮದುವೆ," ಎಂದ. "ಕಡಲಿನ ಕಡೆಯಿಂದ ಹೆಣ್ಣು ಕರ್ಕೊಂಡ್ ಬರೋಕೆ ಹನ್ನೆರಡು ಗಾಡಿ ಹೋಗ್ಬೇಕು. ಬೀಗರ ಮುಂದೆ ಈ ಕುಂಟಾಟ ಬೇಡ. ಅಷ್ಟರೊಳಗೆ ಏನಾಗಿದೆ ನೋಡ್ಕೋ, ಮುಸಬ್ಬಹ್. ಸರಿಯಾಗ್ಲಿಲ್ಲ ಅಂದ್ರೆ ಹಿಲಾಲ್ ಮುಂದೆ ಹೋಗ್ಲಿ. ನೀನು ಪಾತ್ರೆ ಸಾಮಾನಿನ ಗಾಡಿ ಜೊತೆ ನಡುವೆ ಬಾ."

ಪಾತ್ರೆ ಸಾಮಾನಿನ ಗಾಡಿ ಎಂಬ ಮಾತು ಮುಸಬ್ಬಹನಿಗೆ ಮೀನಿನ ಮುಳ್ಳಿನಂತೆ ಚುಚ್ಚಿತು. ತನ್ನ ಕಣ್ಣು ತಪ್ಪಿರಬಹುದೆಂಬ ಯೋಚನೆ ಅವನ ತಲೆಯ ಬಾಗಿಲಿಗೂ ಬರಲಿಲ್ಲ. ಕಣ್ಣು ತಪ್ಪಿಲ್ಲವೆಂದ ಮೇಲೆ ಗಾಳಿ ತಾನಾಗಿ ಹೋಗಿರಲಾರದು; ತಾನಾಗಿ ಹೋಗದ ಮೇಲೆ ಯಾರೋ ಬಿಟ್ಟಿರಬೇಕು. ಒಂದೊಂದು ಚಕ್ರದಿಂದ ಲೆಕ್ಕ ಹಾಕಿದಂತೆ ಏಳೇಳು ಬಿಟ್ಟವನು ಸಾಮಾನ್ಯ ಕಳ್ಳನಲ್ಲ, ಕಲಿತ ಕಳ್ಳ. ಕೈಯಲ್ಲಿ ಮೀಟರು ಇರುವವನು. ಮುಂದಿನ ಗಾಡಿಯ ಮೇಲೆ ಕಣ್ಣಿಟ್ಟವನು. ಮುಸಬ್ಬಹನಿಗೆ ಹಿಲಾಲನ ಮೌನದ ಅರ್ಥ ಈಗ ಹೊಳೆಯಿತು.

ಮರುದಿನ ಬೆಳಿಗ್ಗೆಯೇ ಪತ್ತೇದಾರಿಕೆಗೆಂದು ಅಣ್ಣನ ಮನೆಗೆ ಹೋದ. ಖರ್ಜೂರ ಬಂತು, ಕಾಫಿ ಬಂತು. ಅಲ್ಲಿನ ರೀತಿಯಂತೆ ಸುದ್ದಿ ಕೇಳುವ ಶಾಸ್ತ್ರ ಶುರುವಾಯಿತು.

"ಏನು ಸುದ್ದಿ?" ಎಂದ ಮುಸಬ್ಬಹ್.

"ಸುದ್ದಿ ಏನಿಲ್ಲ," ಎಂದ ಸೈಫ್.

"ಹೊಸದೇನಾದ್ರೂ?"

"ಏನೂ ಇಲ್ಲ. ಎಲ್ಲ ಒಳ್ಳೇದೇ."

"ಯಾರಾದ್ರೂ ಏನಾದ್ರೂ ಅಂದ್ರಾ?"

"ಯಾರೂ ಏನೂ ಅಂದಿಲ್ಲ."

ಹುಟ್ಟಿದಾಗಿನಿಂದ ಅವನು ಈ ಉತ್ತರವನ್ನು ಎಲ್ಲ ಹೊಸ್ತಿಲಲ್ಲೂ ಕೇಳಿದ್ದ, ತಾನೂ ಹೇಳಿದ್ದ. ಕೊಟ್ಟಿಗೆಗೆ ಬೆಂಕಿ ಬಿದ್ದ ದಿನವೂ ಮೊದಲು ಮೂರು ಸಲ ಸುದ್ದಿ ಇಲ್ಲವೆಂದು ಹೇಳಿ, ಆಮೇಲಷ್ಟೇ ಬೆಂಕಿಯ ಮಾತೆತ್ತುವುದು ಮರ್ಯಾದಸ್ಥರ ಲಕ್ಷಣ. ಆದರೆ ಇವತ್ತು ಆ ಉತ್ತರ ತೀರಾ ನುಣುಪಾಗಿ ಕೇಳಿಸಿತು. ಮುಸಬ್ಬಹ್ ಮುಂದಕ್ಕೆ ಬಾಗಿ, "ಅಂದ್ರೆ ನಿಜವಾಗ್ಲೂ ಏನೂ ಇಲ್ಲ ಅಂತೀಯ?" ಎಂದು ನಾಲ್ಕನೆಯ ಸಲ ಕೇಳಿದ.

ನಾಲ್ಕನೆಯ ಸಲ ಯಾರೂ ಕೇಳುವುದಿಲ್ಲ. ಸೈಫ್ ಕಾಫಿ ಬಟ್ಟಲನ್ನು ಕೆಳಗಿಟ್ಟು ತಮ್ಮನ ಮುಖವನ್ನೇ ನೋಡಿದ. "ನಿನಗೆ ಮೈ ಹುಷಾರಿದೆ ತಾನೆ?" ಎಂದ. ಮಾತು ತೇಲಿಸುತ್ತಿದ್ದಾನೆ ಎಂದುಕೊಂಡು ಮುಸಬ್ಬಹ್, ಅಲ್ಲಿನ ರೂಢಿಯಂತೆ ಕಾಫಿ ಸಾಕೆಂದು ಬಟ್ಟಲು ಅಲ್ಲಾಡಿಸಿ, ಎದ್ದುಬಂದ.

ಮನೆಯಲ್ಲಿ ಹೆಂಡತಿ ಝುವೈನಾ ಆಡುಗಳಿಗೆ ನೀರು ತರಲು ತನ್ನ ಪಿಕಪ್ಪಿಗೆ ಡ್ರಮ್ಮು ಏರಿಸುತ್ತಿದ್ದಳು. ಮರಳಿನ ಮೇಲೆ ಅವಳ ಗಾಡಿ ಎಂದೂ ಹೂತದ್ದಿಲ್ಲ. ಡ್ರಮ್ಮು ತುಂಬಿದರೆ ಇಷ್ಟು, ಖಾಲಿಯಾದರೆ ಇಷ್ಟು ಎಂದು ತಾನೇ ಗಾಳಿ ಬಿಟ್ಟುಕೊಂಡು ಹೋಗಿಬರುತ್ತಿದ್ದಳು. ಅದನ್ನು ಯಾರೂ ವಿದ್ಯೆಯೆಂದು ಕರೆದಿರಲಿಲ್ಲ.

"ನನ್ನ ಗಾಡಿ ಹತ್ರ ಯಾರಾದ್ರೂ ಬಂದಿದ್ರಾ?"

"ಕೆಂಪಾಡು ಬಂದಿತ್ತು," ಎಂದಳು ಝುವೈನಾ. "ಚಕ್ರಕ್ಕೆ ಮೈ ಉಜ್ಕೊಂಡು ಹೋಯ್ತು. ಅದರ ಮೇಲೂ ಅನುಮಾನ ಇದ್ರೆ ಕಟ್ಟಿಹಾಕ್ತೀನಿ."

ಆ ಕಡೆಯ ಹೆಂಗಸರು ಹಾಕುವ ಗಡುಸು ಮುಖವಾಡ ಅವಳ ಹಣೆಯಿಂದ ಬಾಯಿಯವರೆಗೆ ಇತ್ತು. ಅದರ ಹಿಂದೆ ನಗುತ್ತಿದ್ದಾಳೋ ಇಲ್ಲವೋ ಎಂಬುದು ಮದುವೆಯಾಗಿ ಮೂವತ್ತೆಂಟು ವರ್ಷವಾದರೂ ಅವನಿಗೆ ಖಚಿತವಾಗಿರಲಿಲ್ಲ. ಅವಳ ಹೆಸರನ್ನೂ ಮನಸ್ಸಿನ ಪಟ್ಟಿಗೆ ಸೇರಿಸಿಕೊಂಡ.

ಮಂಗಳವಾರ ಬಲೆ ಹರಡಿದ. ಅಂಗಳದಲ್ಲಿ ಗಾಡಿ ನಿಲ್ಲಿಸಿ, ನಾಲ್ಕೂ ಚಕ್ರದ ಗಾಳಿಯನ್ನು ತನ್ನ ಕಣ್ಣಳತೆಯ ಹದಿನೈದಕ್ಕೆ ಇಳಿಸಿದ. ಒಂದು ಗೇಣು ನಾಲ್ಕು ಬೆರಳು, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ವಾಲ್ವಿನ ಮುಚ್ಚಳಗಳಿಗೆ ಒಂಟೆಯ ಕೂದಲು ಸುತ್ತಿ ಗಂಟು ಹಾಕಿದ. ಸುತ್ತಲಿನ ಮರಳನ್ನು ಖರ್ಜೂರದ ಗರಿಯಿಂದ ಹಾಳೆಯಂತೆ ಗುಡಿಸಿದ. ಹೆಜ್ಜೆ ಗುರುತು ನೋಡಿ ಇಂಥವರದೆಂದು ಹೇಳುವ ಜನ ಅವರು. ಮುಸಬ್ಬಹ್ ಕಾಲುಗುರುತಿನಿಂದಲೇ ಮನುಷ್ಯನ ಹೆಸರು, ಅವಸರ, ಮೊಣಕಾಲು ನೋವು ಎಲ್ಲವನ್ನೂ ಓದಬಲ್ಲವನು. ಮರಳು ಗುಡಿಸಿದ ಮೇಲೆ ತಾನು ಚಾಪೆ ಹಾಕಿಕೊಂಡು ನೆರಳಲ್ಲಿ ಕೂತು, ಕಣ್ಣು ಮುಚ್ಚಿದವನಂತೆ ನಟಿಸಿದ. ನಟನೆ ಒಂದೆರಡು ಸಲ ನಿಜವೂ ಆಯಿತು.

ಸಂಜೆಗೆ ಎದ್ದು ನೋಡಿದರೆ ಮರಳಿನ ಮೇಲೆ ಒಂದು ಹಕ್ಕಿಯ ಹೆಜ್ಜೆ, ಒಂದು ಜೀರುಂಡೆಯ ಗೆರೆ. ಕೂದಲ ಗಂಟುಗಳು ಹಾಗೇ ಇದ್ದವು. ಹಿಲಾಲನ ಮೀಟರನ್ನು ನಂಬುವ ಹಾಗಿಲ್ಲವಾದ್ದರಿಂದ ಮೊತಾಲೆಬನಿಗೆ ಫೋನು ಮಾಡಿ, ಅವನ ಮೀಟರು ತರಲು ಹೇಳಿದ. ಮೊತಾಲೆಬ್ ಬಂಗಾಳದ ಕಡೆಯವನು. ಇಪ್ಪತ್ತು ವರ್ಷದಿಂದ ಬಿದಿಯಾದವರ ಚಕ್ರಗಳ ಮುಂದೆ ಕೂತು ಕೂತು ಅವರ ಗುಟ್ಟುಗಳನ್ನೆಲ್ಲ ಕೆಳಗಿನಿಂದ ತಿಳಿದುಕೊಂಡವನು. ಬಂದವನೇ ಮೀಟರು ಒತ್ತಿದ.

"ಎಂಟು, ಯಜಮಾನ್ರೇ."

"ನಿನ್ನ ಮೀಟರೂ ಅವರ ಕಡೆ ಸೇರ್ಕೊಂಡಿದೆಯಾ?"

"ಮೀಟರಿಗೆ ಯಾರ ಕಡೆ ಅಂತ ಇರುತ್ತೆ?" ಮೊತಾಲೆಬ್ ಎದ್ದು ಹೋಗಿ, ಆಗಷ್ಟೇ ಬಂದು ನಿಂತ ಝುವೈನಾಳ ಪಿಕಪ್ಪಿಗೆ ಒತ್ತಿ ತೋರಿಸಿದ. ಹದಿನೈದು. "ಅಮ್ಮನ ಟೈರಿನ ಹೊಟ್ಟೆ ನೋಡಿ, ನಿಮ್ಮ ಟೈರಿನ ಹೊಟ್ಟೆ ನೋಡಿ. ಎರಡೂ ಒಂದೇ ಥರ ಇದೆ. ಇದು ಹದಿನೈದು, ಅದು ಎಂಟು."

"ಅದು ಹೇಗೆ?"

"ನೀವೇ ಅಲ್ವಾ ಬಂದು ಕೇಳಿದ್ದು? ಇರೋದ್ರಲ್ಲಿ ಅತಿ ದಪ್ಪ ಟೈರು ಕೊಡು, ಮುಂದೆ ಹೋಗೋ ಗಾಡಿಗೆ ತಕ್ಕ ಹಾಗಿರ್ಲಿ ಅಂತ. ಹತ್ತು ಪದರದ್ದು ಕೊಟ್ಟೆ. ಪಕ್ಕೆ ಮರದ ಹಲಗೆ ಇದ್ದ ಹಾಗಿದೆ. ಹದಿನೈದಕ್ಕೆ ಅದು ಹೊಟ್ಟೆನೇ ಬಿಡಲ್ಲ. ಹೊಟ್ಟೆ ಕಾಣೋವರೆಗೆ ನೀವು ಗಾಳಿ ಬಿಡ್ತೀರಿ, ಅಷ್ಟೊತ್ತಿಗೆ ಅದಕ್ಕೆ ರಿಮ್ಮು ಹಿಡ್ಕೊಳ್ಳೋ ಶಕ್ತಿನೇ ಇರಲ್ಲ."

ಮುಸಬ್ಬಹ್ ಎರಡೂ ಟೈರುಗಳನ್ನು ಅಂಗೈಯಿಂದ ಅಳೆದು ನೋಡಿದ. ಕದ್ದವನ ಹೆಜ್ಜೆಗುರುತು ಅಂಗಳದಲ್ಲಿ ಇರಲಿಲ್ಲವೆಂದಲ್ಲ. ತನ್ನ ಆ ಗುರುತುಗಳನ್ನು ಬೆಳಿಗ್ಗೆ ಗರಿ ಹಿಡಿದು ಅವನೇ ಗುಡಿಸಿ ಹಾಕಿದ್ದ. ಮೂವತ್ತು ವರ್ಷ ಒಂದೇ ಜಾತಿಯ ಟೈರಿನ ಹೊಟ್ಟೆ ಓದಿದ್ದ ಕಣ್ಣಿಗೆ ಈ ಹೊಸ ಟೈರಿನ ಅಕ್ಷರ ಬರುತ್ತಿರಲಿಲ್ಲ. ಹಳೆಯ ಟೈರುಗಳನ್ನು ಆಗಲೇ ಯಾವನೋ ಮೀನಿನ ಗಾಡಿಯವನು ಒಯ್ದಿದ್ದ.

"ಇದನ್ನ ಯಾರಿಗೂ ಹೇಳ್ಬೇಡ," ಎಂದ.

"ಯಾರಿಗೆ ಹೇಳ್ಲಿ?" ಎಂದ ಮೊತಾಲೆಬ್, ತೀರಾ ಬೇಗ. ಮುಸಬ್ಬಹನಿಗೆ ಅದೂ ಹಿಡಿಸಲಿಲ್ಲ.

ಒಂದು ಮೀಟರು ಕೊಂಡರೆ ಆಗಿತ್ತು. ಆದರೆ ಮುಸಬ್ಬಹ್ ಮೀಟರು ಕೊಂಡನೆಂಬ ಸುದ್ದಿ ಅವನು ಮನೆ ತಲುಪುವ ಮೊದಲೇ ತಲುಪಿರುತ್ತದೆ. ಹೆಂಡತಿಯನ್ನು ಕೇಳೋಣವೆಂದರೆ ಆ ಮುಖವಾಡ. ಹೀಗೆ ಬುಧವಾರ ಕಳೆದು, ಗುರುವಾರ ಬೆಳಗಿನ ಬಿಸಿಲಲ್ಲಿ ಹನ್ನೆರಡು ಗಾಡಿಗಳು ಬನ್ನಿ ಮರದ ಕೆಳಗೆ ಸಾಲು ನಿಂತವು. ಬಂಪರುಗಳಿಗೆ ಬಣ್ಣದ ಪಟ್ಟಿ ಕಟ್ಟಿದ್ದರು. ಪಾತ್ರೆ ಸಾಮಾನಿನ ಗಾಡಿಯೂ ನಡುವೆ ನಿಂತು ಅವನನ್ನೇ ಕಾಯುತ್ತಿರುವಂತಿತ್ತು.

ಸೈಫ್ ಬಂದು, "ಏನಾಯ್ತು, ಸಿಕ್ತಾ?" ಎಂದ.

"ಸಿಕ್ತು," ಎಂದ ಮುಸಬ್ಬಹ್.

"ಏನಿತ್ತು?"

"ಸಣ್ಣದು. ಸರಿ ಮಾಡಿದೀನಿ."

ಬೇರೆಯವರ ಗಾಡಿಗಳಿಗೆಲ್ಲ ಎಂದಿನಂತೆ ಅಪ್ಪಣೆ ಕೊಟ್ಟು ಮುಗಿಸಿದ. ಅವೆಲ್ಲ ಹಳೆಯ ಜಾತಿಯ ಟೈರು. ಅವುಗಳ ಮಟ್ಟಿಗೆ ಅವನ ಕಣ್ಣು ಇನ್ನೂ ದೊರೆಯೇ. ಕೊನೆಗೆ ತನ್ನ ಗಾಡಿಯ ಮುಂದೆ ಕುಕ್ಕುರುಗಾಲಿನಲ್ಲಿ ಕೂತು ವಾಲ್ವಿಗೆ ಕಡ್ಡಿ ಒತ್ತಿದ. ಗಾಳಿ ಸುಯ್ಯೆಂದಿತು. ಟೈರು ಹಲಗೆಯಂತೆ ಸೆಟೆದೇ ನಿಂತಿತ್ತು. ಬಿಡು, ಇನ್ನೂ ಬಿಡು ಎಂದು ಕಣ್ಣು ಹೇಳುತ್ತಿತ್ತು. ನಿಲ್ಲಿಸು ಎಂದು ಮೊತಾಲೆಬನ ಮಾತು. ಎಲ್ಲಿ ನಿಲ್ಲಿಸಬೇಕೆಂದು ಯಾರೂ ಹೇಳುತ್ತಿರಲಿಲ್ಲ. ಹನ್ನೊಂದು ಗಾಡಿಗಳ ಜನ ಅವನ ಬೆನ್ನು ನೋಡುತ್ತಿದ್ದರು.

"ಹಿಲಾಲ್," ಎಂದು ಕರೆದ. "ಇಲ್ಲಿ ಬಾ. ಈ ಚಕ್ರದಲ್ಲೊಂದು ಮುಳ್ಳು ಸಿಕ್ಕಿದ ಹಾಗಿದೆ, ನೋಡು."

ಹಿಲಾಲ್ ಬಂದು ಪಕ್ಕದಲ್ಲಿ ಕೂತ. ಮುಳ್ಳಿರಲಿಲ್ಲ. ಚಿಕ್ಕಪ್ಪನ ಮುಖ ನೋಡಿದ, ಟೈರು ನೋಡಿದ, ಅಂಗಿಯ ಉದ್ದ ತೋಳಿನ ಮರೆಯಲ್ಲಿ ಮೀಟರು ಒತ್ತಿದ. "ಇಪ್ಪತ್ತೊಂದು," ಎಂದ ತುಟಿ ಅಲ್ಲಾಡಿಸದೆ. ಮುಸಬ್ಬಹ್ ಮತ್ತೆ ಗಾಳಿ ಬಿಟ್ಟ. "ಹದಿನೆಂಟು... ಹದಿನೈದು. ಸಾಕು, ಮುಚ್ಚಿ."

ನಾಲ್ಕು ಚಕ್ರಕ್ಕೂ ಮುಳ್ಳು ಹುಡುಕಿದರು. ಕೈಯಳತೆಯಲ್ಲಿ ಒಂದು ಗೇಣಷ್ಟೇ ಬಂತು, ನಾಲ್ಕು ಬೆರಳು ಕಡಿಮೆ. ಗಾಡಿ ಏರಿ ಕೂತಾಗ ಮುಸಬ್ಬಹನಿಗೆ ಒಂದು ಯೋಚನೆ ಬಂತು: ಇವನು ನಿಜ ಹೇಳಿದನೆಂದು ಹೇಗೆ ನಂಬುವುದು? ಹತ್ತನ್ನು ಹದಿನೈದು ಎಂದಿದ್ದರೆ ಮೊದಲ ಓರೆಯಲ್ಲೇ ಟೈರು ಕಳಚುತ್ತದೆ. ಇಪ್ಪತ್ತೈದನ್ನು ಹದಿನೈದು ಎಂದಿದ್ದರೆ ಮೊದಲ ಏರಿನಲ್ಲೇ ಗಾಡಿ ಹೂತುಹೋಗುತ್ತದೆ. ಎರಡರಲ್ಲಿ ಯಾವುದೇ ಆದರೂ ಮುಂದಿನ ಗಾಡಿ ಹಿಲಾಲನದಾಗುತ್ತದೆ. ಹನ್ನೆರಡು ಗಾಡಿಯ ಮರ್ಯಾದೆಯನ್ನು ತಾನೇ ಹೋಗಿ ಶತ್ರುವಿನ ತೋಳಿನೊಳಗೆ ಇಟ್ಟಂತಾಯಿತು.

ಮೊದಲ ಏರು ಬಂತು. ಗಾಡಿ ಗೊಣಗುತ್ತ ಹತ್ತಿತು. ದಿಬ್ಬದ ಓರೆಯಲ್ಲಿ, ಮೊನ್ನೆ ಕಾಫಿ ಚೆಲ್ಲಿದ ಅದೇ ತಿರುವಿನಲ್ಲಿ, ಸ್ಟಿಯರಿಂಗ್ ತಿರುಗಿಸಿ ಸುಯ್ಯೆನ್ನುವ ಸದ್ದಿಗೆ ಕಾದ. ಸದ್ದು ಬರಲಿಲ್ಲ. ಮುಂದಿನ ದಿಬ್ಬದಲ್ಲೂ ಬರಲಿಲ್ಲ. ಅರ್ಧ ದಾರಿಯ ಎತ್ತರದ ನೆತ್ತಿಯ ಮೇಲೆ ಅವನು ಗಾಡಿ ನಿಲ್ಲಿಸಿ ಹಿಂತಿರುಗಿ ಎಣಿಸಿದ. ಹನ್ನೆರಡೂ ಇದ್ದವು. ಎಲ್ಲಕ್ಕಿಂತ ಕೊನೆಯದು ಹಿಲಾಲನದು. ಹೂತ ಗಾಡಿಗಳನ್ನು ಎಳೆಯುವ ಹಗ್ಗ ಯಾವಾಗಲೂ ಕೊನೆಯ ಗಾಡಿಯಲ್ಲಿರುತ್ತದೆ.

ಗಂಡಸರು ಇಳಿದು ಕಾಲು ಕೊಡವಿಕೊಂಡರು. ಸೈಫ್ ದೂರದಿಂದಲೇ ತಲೆಯಾಡಿಸಿದ. ಅವನ ಲೆಕ್ಕದಲ್ಲಿ ಅದು ದೊಡ್ಡ ಭಾಷಣ. ಆದರೆ ಮುಸಬ್ಬಹನಿಗೆ ಅದು ರುಚಿಸಲಿಲ್ಲ. ಅವನು ನೇರವಾಗಿ ಹಿಲಾಲನ ಗಾಡಿಯ ಹತ್ತಿರ ಹೋಗಿ ಕಿಟಕಿಗೆ ಮುಖ ಇಟ್ಟ.

"ನಿನಗೆ ಏನು ಬೇಕು?"

"ಏನು ಬೇಕು ಅಂದ್ರೆ, ಚಿಕ್ಕಪ್ಪ?"

"ಸುಳ್ಳು ಹೇಳಿದ್ರೆ ಈಗ ನೀನು ಮುಂದೆ ಇರ್ತಿದ್ದೆ. ಯಾಕೆ ಹೇಳ್ಲಿಲ್ಲ?"

ಹಿಲಾಲ್ ಸ್ಟಿಯರಿಂಗ್ ಮೇಲೆ ಗಲ್ಲ ಊರಿದ.

"ಮುಂದಿನ ಗಾಡಿ ಹೂತ್ರೆ ಹಿಂದಿನವು ಒಂದರ ಹಿಂದೊಂದು ನಿಂತು ಎಲ್ಲಾ ಹೂತೋಗ್ತಾವೆ. ಹಗ್ಗ ನನ್ನ ಗಾಡೀಲಿದೆ. ಹೊಸ ಅಂಗಿ ಹಾಕ್ಕೊಂಡು ಹನ್ನೊಂದು ಗಾಡಿ ಎಳೀಲಾ ನಾನು?"

ಮುಸಬ್ಬಹನ ಹುಬ್ಬಿನ ಗಂಟು ನಾಲ್ಕು ದಿನಗಳಲ್ಲಿ ಮೊದಲ ಬಾರಿಗೆ ಸಡಿಲವಾಯಿತು. ಇದು ನಂಬುವಂಥ ಮಾತು. ಇದರಲ್ಲಿ ಪ್ರೀತಿ, ಗೌರವ ಮುಂತಾದ ಅನುಮಾನಾಸ್ಪದ ಸಂಗತಿಗಳು ಒಂದೂ ಇರಲಿಲ್ಲ. ಅವನು ಹಿಲಾಲನ ಅಂಗಿಯ ಬಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು ನೋಡಿ, ಚೆನ್ನಾಗಿದೆ ಎಂದು ತಲೆದೂಗಿ, ಸಾಲಿನುದ್ದಕ್ಕೂ ಕೈ ಹಿಂದೆ ಕಟ್ಟಿಕೊಂಡು ನಡೆದು ತನ್ನ ಗಾಡಿ ಹತ್ತಿದ. ಬೀಗರ ಊರಿನ್ನೂ ಎರಡು ಗಂಟೆಯ ದಾರಿಯಿತ್ತು.