ಎಡಗಣ್ಣಿನ ಮೇಲೆ ಒಂದು ಕೆಂಪು ಚೂರು

ಮಗು ಮೊದಲ ಸಲ ಚೀರಿದಾಗ ಗೋಂದಜ್ಜನಿಗೆ ಕಣ್ಣಿಗೆ ಗೋಂದು ಹೋಯಿತೇನೋ ಅನ್ನಿಸಿತು. ಎರಡನೆಯ ಸಲ ಚೀರಿದಾಗ ಅವನ ಕೈ ಗಾಳಿಯಲ್ಲೇ ನಿಂತುಬಿಟ್ಟಿತು.

ಗೋಂದಜ್ಜ ಎಂಬುದು ಬೀದಿಯವರು ಇಟ್ಟ ಹೆಸರು. ದುಡಿಯುವ ವಯಸ್ಸನ್ನೆಲ್ಲ ಆತ ಗೋಡೆಗಳಿಗೆ ಪೋಸ್ಟರ್ ಅಂಟಿಸುತ್ತ ಕಳೆದವನು. ಎರಡು ಹಾಳೆ ಕೂಡುವ ಕಡೆ ನಾಯಕನ ಮೂಗು ಸೊಟ್ಟಗಾಗದಂತೆ ನೋಡಿಕೊಳ್ಳುವುದರಲ್ಲಿ ಅವನದು ಎತ್ತಿದ ಕೈ. ಆಮೇಲೆ ಹಗ್ಗದಲ್ಲಿ ಕಟ್ಟುವ ಬ್ಯಾನರುಗಳು ಬಂದವು. ಗೋಂದು ಯಾರಿಗೂ ಬೇಡವಾಯಿತು. ಅಷ್ಟರಲ್ಲಿ ಅವನ ಮೊಣಕಾಲು ಕೂಡ ಏಣಿಗೆ ಸಲಾಮು ಹೊಡೆದಿತ್ತು. ಹೆಂಡತಿ ಹೋದ ಮೇಲೆ ಮಗಳ ಮನೆ ಸೇರಿಕೊಂಡ. ಮಗಳಿಗೆ ಔಷಧಿ ಅಂಗಡಿಯಲ್ಲಿ ಕೆಲಸ, ಅಳಿಯ ಹಾಲಿನ ವ್ಯಾನ್ ಓಡಿಸುತ್ತಿದ್ದ. ಹಗಲೆಲ್ಲ ಮನೆಯಲ್ಲಿ ಅಜ್ಜ ಮತ್ತು ಎರಡು ವರ್ಷದ ಮೊಮ್ಮಗಳು. ಒಂದು ಕಡೆ ನಿಲ್ಲದ ಆ ಪೋರಿಯನ್ನು ಅವನು ಬುಗುರಿ ಎಂದು ಕರೆಯುತ್ತಿದ್ದ.

ಮಕ್ಕಳನ್ನು ಆಡಿಸುವುದು ಅವನಿಗೆ ಗೊತ್ತಿರಲಿಲ್ಲ. ಗೋಂದು ಕಾಯಿಸುವುದು ಗೊತ್ತಿತ್ತು. ಮೈದಾವನ್ನು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಸಣ್ಣ ಉರಿಯಲ್ಲಿ ತಿರುವುತ್ತ ತಿರುವುತ್ತ ಗಾಜಿನಂತೆ ಹೊಳಪು ಬರುವವರೆಗೆ ಕುದಿಸುವುದು. ಕೆಲಸದ ದಿನಗಳಲ್ಲಿ ಹುಳ ಹಿಡಿಯದಿರಲೆಂದು ಅದಕ್ಕೆ ವಿಷದ ಮೈಲುತುತ್ತ ಬೆರೆಸುತ್ತಿದ್ದ. ಈಗ ಅದರ ಸುದ್ದಿಗೇ ಹೋಗುತ್ತಿರಲಿಲ್ಲ, ಯಾಕೆಂದರೆ ಬುಗುರಿ ಅರ್ಧ ಗೋಂದನ್ನು ಹಾಳೆಗೆ ಹಚ್ಚಿದರೆ ಇನ್ನರ್ಧವನ್ನು ನೆಕ್ಕಿಬಿಡುತ್ತಿದ್ದಳು. ಹಳೆ ಬಣ್ಣದ ಕಾಗದಗಳನ್ನು ಅವಳ ಕೈಗೆ ಕೊಡುವನು. ಪರ್ ಎಂದು ಹರಿಯುವುದು ಅವಳ ಪಾಲಿನ ಕೆಲಸ. ಹರಿದ ಚೂರುಗಳನ್ನು ಅಡುಗೆಮನೆಯ ನೆಲಕ್ಕೆ ಹಾಸಿದ ದೊಡ್ಡ ಹಾಳೆಯ ಮೇಲೆ ಇಬ್ಬರೂ ಅಂಟಿಸುವರು. ಅಳಿಯ ಒಮ್ಮೆ ಮನೆಗೆ ಬಂದು ನೆಲ ನೋಡಿ, "ಮಾವ, ನಾನು ಒಳಗೆ ಬರೋದಾ, ಇಲ್ಲೇ ಅಂಟ್ಕೊಂಡು ನಿಂತ್ಬಿಡೋದಾ?" ಎಂದಿದ್ದ.

ಆ ದಿನ ಕಾಗದ ಹಾಳೆಯಿಂದ ಮುಖಕ್ಕೆ ಬಂತು. ಬುಗುರಿ ಅಜ್ಜನ ಮೂಗಿಗೆ ಒಂದು ಹಸಿರು ಚೂರು ಮೆತ್ತಿದಳು, ಬೋಳು ತಲೆಗೆ ಇನ್ನೊಂದು. ಅವನೂ ಅವಳ ಕೆನ್ನೆಗೆ, ಗಲ್ಲಕ್ಕೆ ಮೆತ್ತಿದ. ಕಣ್ಣು ಮುಚ್ಚು ಅಂದು ಬಲಗಣ್ಣಿನ ರೆಪ್ಪೆಯ ಮೇಲೊಂದು ಇಟ್ಟ. ಅವಳು ಕಿಲಕಿಲ ನಕ್ಕು, ಹಾಗೇ ತಿರುಗಿ ಇನ್ನೊಂದು ಕಾಗದ ಎತ್ತಿಕೊಂಡಳು. ಅಜ್ಜ ಬಲಗಣ್ಣಿನ ಚೂರು ತೆಗೆದು ಎಡಗಣ್ಣಿನ ಮೇಲೆ ಕೆಂಪು ಚೂರು ಇಟ್ಟ.

ಮಗು ಕಿಟಾರನೆ ಚೀರಿ ಅದನ್ನು ಕಿತ್ತೆಸೆಯಿತು.

"ಅಯ್ಯೋ, ಗೋಂದು ಕಣ್ಣಿಗೆ ಹೋಯ್ತಾ ನಮ್ಮವ್ವ?" ಎಂದು ಒದ್ದೆ ಬಟ್ಟೆಯಲ್ಲಿ ಒರೆಸಿದ. ಅಳು ನಿಂತ ಮೇಲೆ, ಅನುಮಾನ ಬಂದು, ಗೋಂದೇ ಇಲ್ಲದ ಒಣ ಅಂಗೈಯನ್ನು ಅದೇ ಕಣ್ಣಿಗೆ ಅಡ್ಡ ಹಿಡಿದ. ಮತ್ತೆ ಚೀರಾಟ. ಈ ಸಲ ಅವಳು ಎರಡೂ ಕೈ ಮುಂದೆ ಚಾಚಿ ಗಾಳಿಯಲ್ಲಿ ತಡಕಾಡಿದಳು. ಅಜ್ಜ ಮೂಗಿನ ಮುಂದೆಯೇ ಕೂತಿದ್ದ. ಅವಳು ಅವನನ್ನು ಹುಡುಕುತ್ತಿದ್ದಳು.

ಒಲೆಯ ಮೇಲೆ ಮತ್ತೆ ಕುದಿಯಲಿಟ್ಟಿದ್ದ ಗೋಂದು ತಳ ಹಿಡಿದು ಸೀದ ವಾಸನೆ ಮನೆ ತುಂಬಿದರೂ ಗೋಂದಜ್ಜನಿಗೆ ಎಚ್ಚರವಾಗಲಿಲ್ಲ.

ಸಂಜೆ ಮಗಳು ಚಪ್ಪಲಿ ಬಿಡುವ ಮೊದಲೇ, ಮಗುವಿಗೆ ಬಲಗಣ್ಣು ಕಾಣುತ್ತಿಲ್ಲ ಎಂದು ಹೇಳಿದ. ಅವಳಿಗೆ ಸಿಟ್ಟು ಬಂತು. "ಏನಪ್ಪಾ ನೀನು, ಬಾಯಿಗೆ ಬಂದದ್ದು ಹೇಳ್ತೀಯಾ? ನೆಲದ ಮೇಲಿನ ಇರುವೆ ಹೆಕ್ತಾಳೆ ಅವಳು! ಕಣ್ಣು ಮುಚ್ಚಿದ್ರೆ ಯಾವ ಮಗು ತಾನೆ ಸುಮ್ನಿರುತ್ತೆ?"

"ಬಲಗಣ್ಣು ಮುಚ್ಚಿದ್ರೆ ಸುಮ್ನಿರ್ತಾಳೆ ಕಣೇ. ನೀನೇ ನೋಡು."

ಅವಳು ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಬಲಗಣ್ಣು ಮುಚ್ಚಿದಳು. ಬುಗುರಿ ಅಮ್ಮನ ಕಿವಿಯೋಲೆ ಹಿಡಿದು ಎಳೆದಳು. ಎಡಗಣ್ಣು ಮುಚ್ಚಿದಳು. ಓಲೆಗೆಂದು ಚಾಚಿದ ಪುಟ್ಟ ಕೈ ಎಲ್ಲೋ ಹೋಗಿ ಅಮ್ಮನ ಭುಜ ತಡವಿತು. ಮಗಳು ಕೈ ತೆಗೆದಳು. "ಇವಳಪ್ಪನಿಗೆ ಫೋನ್ ಮಾಡು," ಎಂದಷ್ಟೇ ಅಂದಳು. ಫೋನು ಅವಳ ಕೈಯಲ್ಲೇ ಇತ್ತು.

ಕಣ್ಣಿನ ಡಾಕ್ಟರಮ್ಮ ಮಗುವಿನ ಕಣ್ಣಿಗೆ ಔಷಧಿ ಬಿಟ್ಟು, ದೀಪ ಹಾಯಿಸಿ, ಬಹಳ ಹೊತ್ತು ನೋಡಿದರು. "ಬಲಗಣ್ಣಿಗೆ ಪವರ್ ತುಂಬಾ ಜಾಸ್ತಿ ಇದೆ. ಹುಟ್ಟಿನಿಂದಲೇ. ಮಸುಕಾಗಿ ಕಾಣುತ್ತೆ ಅಂತ ಮೆದುಳು ಆ ಕಣ್ಣನ್ನ ಕೈಬಿಡ್ತಾ ಇದೆ. ಇನ್ನೊಂದು ಕಣ್ಣೇ ಎಲ್ಲಾ ಕೆಲಸ ಮಾಡ್ತಿದೆ."

"ನಮಗೆ ಗೊತ್ತೇ ಆಗ್ಲಿಲ್ವಲ್ಲ ಡಾಕ್ಟ್ರೇ," ಎಂದ ಅಳಿಯ. ವ್ಯಾನಿನ ಕೀಲಿಯನ್ನು ಅಂಗೈಯಲ್ಲಿ ಒತ್ತಿ ಹಿಡಿದಿದ್ದ.

"ಆಗೋದೂ ಇಲ್ಲ. ಮಗುವಿಗೇ ಗೊತ್ತಿಲ್ಲ. ಎಲ್ಲರಿಗೂ ಹೀಗೇ ಕಾಣುತ್ತೆ ಅಂದ್ಕೊಂಡಿರುತ್ತೆ."

ಆ ಮಾತು ಅಜ್ಜನಿಗೆ ಎಲ್ಲಕ್ಕಿಂತ ಹೆಚ್ಚಾಗಿ ನಾಟಿತು. ದಿನವಿಡೀ ಎದುರು ಬದುರು ಕೂತು ಆಡಿದ ಮಗು, ಅರ್ಧ ಮಾತ್ರ ನೋಡುತ್ತಿತ್ತು.

ಉಪಾಯವಿತ್ತು: ಕನ್ನಡಕ, ಜೊತೆಗೆ ದಿನಕ್ಕೆ ಒಂದಷ್ಟು ಹೊತ್ತು ಒಳ್ಳೆಯ ಕಣ್ಣಿಗೆ ಪಟ್ಟಿ. ಕಾಣುವ ಕಣ್ಣನ್ನು ಮುಚ್ಚಿ, ಕಾಣದ್ದನ್ನು ದುಡಿಸಬೇಕು. ಹಗಲು ಮನೆಯಲ್ಲಿರುವವನು ಅಜ್ಜ. ಹಾಗಾಗಿ ಮುಚ್ಚುವವನೂ ಅವನೇ.

ಅಲ್ಲಿಂದ ಶುರುವಾದದ್ದು ಅವನು ಎಣಿಸದ ಶಿಕ್ಷೆ. ಪಟ್ಟಿ ಹಚ್ಚಿದೊಡನೆ ಮಗು ಗೋಳಾಡುತ್ತಿತ್ತು, ಕನ್ನಡಕ ಕಿತ್ತು ಎಸೆಯುತ್ತಿತ್ತು, ಅವನ ಕೈ ಕಚ್ಚುತ್ತಿತ್ತು. "ಕೆತ್ತ ಅಜ್ಜ! ಹೋಗು!" ಅವನು ಕೋಣೆಗೆ ಬಂದರೆ ಮಂಚದಡಿ ತೂರುತ್ತಿತ್ತು. ತನ್ನ ಹೆಗಲೇರಿ ಕೂರುತ್ತಿದ್ದ ಮೊಮ್ಮಗಳು ತನ್ನನ್ನು ಕಂಡು ಅಡಗುವುದನ್ನು ನೋಡಿ ಗೋಂದಜ್ಜ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಅತ್ತ.

"ನಾನು ರಜಾ ಹಾಕ್ಲಾ ಅಪ್ಪ?" ಎಂದು ಮಗಳು ಕೇಳಿದಳು.

"ನಿನ್ನನ್ನೂ ಕೆಟ್ಟೋಳು ಅನ್ನಬೇಕಾ? ನಾನೊಬ್ಬ ಸಾಕು."

ಹಾಳೆ ಹರಿಯುವುದನ್ನೇ ಮತ್ತೆ ಹಿಡಿದ. ಈಗ ಚೂರುಗಳನ್ನು ತಟ್ಟೆಯಷ್ಟು ದೊಡ್ಡದಾಗಿ ಹರಿದ. ಕಪ್ಪು ಕಾಗದದ ಮೇಲೆ ಹಳದಿ, ಬಿಳಿಯ ಮೇಲೆ ಕೆಂಪು. ತಾನೇ ಕೂತು ಅಂಟಿಸುತ್ತ, "ಬಾ" ಎಂದು ಕರೆಯದೆ, ಬೇಕೆಂದೇ ತಪ್ಪು ಜಾಗಕ್ಕೆ ಮೆತ್ತುತ್ತಿದ್ದ. ಹುಲಿಯ ಬಾಲ ಹಣೆಗೆ, ಬಸ್ಸಿನ ಚಕ್ರ ಅದರ ಚಾವಣಿಗೆ. ಎಷ್ಟೋ ದಿನ ಮಂಚದಡಿಯಿಂದ ಸದ್ದೇ ಇಲ್ಲ. ಕೊನೆಗೊಂದು ದಿನ ಪಟ್ಟಿ ಕಟ್ಟಿದ ಮುಖವೊಂದು ಹೊರಬಂತು. ಹಾಳೆಯ ಹತ್ತಿರ ಮೂಗು ತಾಗುವಷ್ಟು ಬಗ್ಗಿ ನೋಡಿತು.

"ಅಲ್ಲಲ್ಲ!" ಎಂದು ಬೈದು, ಚಕ್ರ ಕಿತ್ತು ಕೆಳಗೆ ಅಂಟಿಸಿತು. ಸರಿಯಾದ ಜಾಗಕ್ಕಲ್ಲ, ಆದರೆ ಕೆಳಗೆ.

ಆಮೇಲೆ ಚೂರುಗಳು ಸಣ್ಣದಾಗುತ್ತ ಬಂದವು: ಅಂಗೈಯಷ್ಟು, ಬೆರಳಷ್ಟು, ಉಗುರಷ್ಟು. ಒಂದು ದಿನ ಚೆನ್ನಾಗಿ ಹೊಂದುವುದು, ಮರುದಿನ ಎಲ್ಲ ಒದ್ದು ಮಂಚದಡಿ ಸೇರುವುದು. ಪಟ್ಟಿ ಎಂದೂ ಅವಳಿಗೆ ಇಷ್ಟವಾಗಲಿಲ್ಲ.

ಮಗುವಿಗೆ ಮೂರು ವರ್ಷ ತುಂಬಿದ ಮೇಲಿನ ತಪಾಸಣೆಯಲ್ಲಿ ಡಾಕ್ಟರಮ್ಮ ಎಡಗಣ್ಣು ಮುಚ್ಚಿ, ದೂರದ ಗೋಡೆಯ ಮೇಲೆ ಚಿತ್ರ ತೋರಿಸಿದರು. "ಮನೆ. ಬಾತು. ಕೀಲಿಕೈ," ಎಂದಳು ಬುಗುರಿ, ಬೇಜಾರಿನ ದನಿಯಲ್ಲಿ. ಇನ್ನೂ ಸಣ್ಣ ಸಾಲು. "ಬಾತು. ಮರ."

ಡಾಕ್ಟರಮ್ಮ ತಿರುಗಿದರು. "ಪೂರ್ತಿ ಸರಿ ಅಂತ ಇನ್ನೂ ಹೇಳಲ್ಲ. ಪಟ್ಟಿ ಬಿಡೋ ಹಾಗಿಲ್ಲ. ಆದ್ರೆ ಈ ಕಣ್ಣು ಎದ್ದು ಕೂತಿದೆ."

ಮಗಳು ಅಪ್ಪನ ಕಡೆ ನೋಡಿದಳು. ಗೋಂದಜ್ಜ ಗೋಡೆ ಹಿಡಿದು ನಿಂತಿದ್ದ.

"ಏನಾಯ್ತಪ್ಪ?"

"ಏನಿಲ್ಲ. ಮೊಣಕಾಲು," ಎಂದು ಹೇಳಿ, ಅಲ್ಲೇ ಇದ್ದ ಮಕ್ಕಳ ಪುಟ್ಟ ಕುರ್ಚಿಯ ಮೇಲೆ ಕುಸಿದು ಕೂತ.