ಅಪ್ಪನಿಗೆ ತೊಡಿಸಿದ ಕೋಟು

ಪೇಂಟರ್ ಮಾವನ ಉಗುರು ಸಂದಿಯಲ್ಲಿ ಸದಾ ಗುಲಾಬಿ ಬಣ್ಣ ಮೆತ್ತಿಕೊಂಡಿರುತ್ತಿತ್ತು. ಸತ್ತವರ ಕೆನ್ನೆಗೆ ಹಚ್ಚಿ ಉಳಿದ ಬಣ್ಣ ಅದು. ಚಿನ್ನದ ಗಣಿಯಲ್ಲಿ ಅಪ್ಪನ ಜೊತೆ ಕೆಲಸಕ್ಕಿದ್ದವರು, ಗಣಿ ಮುಚ್ಚಿದ ಮೇಲೆ ರಾಬರ್ಟ್‌ಸನ್‌ಪೇಟೆಯಲ್ಲಿ ಅಂಗಡಿಯಿಟ್ಟು, ತೀರಿಹೋದವರ ಫೋಟೊ ನೋಡಿ ದೊಡ್ಡ ಪಟ ಬರೆದುಕೊಡುತ್ತಿದ್ದರು.

ನಮ್ಮ ಜನ ಬದುಕಿದ್ದಾಗ ಹೇಗಿದ್ದರೇನು, ಗೋಡೆ ಏರುವಾಗ ಬೆಳ್ಳಗಾಗಲೇಬೇಕು. ಗಂಡಸರಿಗೆ ಕೋಟು, ಟೈ. ಹೆಂಗಸರಿಗೆ ಎರಡೆಳೆ ಸರ. ಜೀವಮಾನವಿಡೀ ಹೆಬ್ಬೆಟ್ಟು ಒತ್ತಿದವರ ಜೇಬಿಗೂ ಪೆನ್ನು.

"ಬಿಳೀ ಡಬ್ಬಿ ತಿಂಗ್ಳಿಗೊಂದು ಖಾಲಿ. ಕಂದು ಡಬ್ಬಿ ಅಂಗೇ ಒಣಗೋಯ್ತೈತೆ ಕಣಮ್ಮಾ. ಚಿನ್ನ ಅಗೆದೋರ ಊರಾಗೆ ಕರ್ರಗಿರೋರು ಒಬ್ರೂ ಸತ್ತೇ ಇಲ್ಲ!" ಎಂದು ಮಾವ ನಗುತ್ತಿದ್ದರು.

ಅಪ್ಪ ತೀರಿಕೊಂಡ ವರ್ಷ ನನ್ನನ್ನು ನೋಡಲು ಬಂಗಾರಪೇಟೆಯಿಂದ ಗಂಡಿನ ಕಡೆಯವರು ಬರುವುದಿತ್ತು. ನಡುಮನೆಗೆ ಅಪ್ಪನ ಪಟ ಬೇಕಿತ್ತು. ಮನೆಯಲ್ಲಿದ್ದದ್ದು ಒಂದೇ ಮಬ್ಬು ಫೋಟೊ, ಮಾವನಿಗೆ ಕೊಟ್ಟು ಬಂದೆ. ತರಲು ಹೋಗಿ ನೋಡುತ್ತೇನೆ, ಅಪ್ಪನದೇ ಕಪ್ಪು ಮೈಬಣ್ಣ, ಕಲ್ಲು ಬಿದ್ದು ಸೀಳಿದ್ದ ಹುಬ್ಬು, ಬೆವರಲ್ಲಿ ತೊಯ್ದ ಬನಿಯನ್. ಫೋಟೊದಲ್ಲಿ ಕಾಣದ್ದನ್ನೆಲ್ಲ ನೆನಪಿನಿಂದ ಬರೆದಿದ್ದರು.

ನನಗೆ ಮೈ ಉರಿದುಹೋಯಿತು. "ಏನ್ ಮಾವ ಇದು? ಎಲ್ಲಾರ್ಗೂ ಕೋಟು ಆಕ್ತೀರ, ನಮ್ಮಪ್ಪನ್ನ ಮಾತ್ರ ಕೂಲಿಯೋನ ತರ ಮಾಡಿದ್ದೀರ! ಬಂದೋರು ಏನಂದ್ಕೋತಾರೆ?"

"ಇಪ್ಪತ್ತು ವರ್ಸ ಒಂದೇ ಶಿಫ್ಟಾಗೆ ಕೆಳಕ್ಕೆ ಇಳ್ದಿದ್ವಿ ಕಣಮ್ಮಾ. ಇವನೊಬ್ಬನ್ನಾದ್ರೂ ಇದ್ದಂಗೇ ಬರೀಬೇಕು ಅನ್ನಿಸ್ತು."

"ನಮ್ಗೆ ಬ್ಯಾಡ."

ಮಾವ ಬಿಳಿ ಡಬ್ಬಿ ತೆರೆದು, ನನ್ನೆದುರೇ, ಹುಬ್ಬಿನ ಗಾಯದ ಮೇಲೆ ಕುಂಚ ಎಳೆದರು. "ನಾಳೆ ಸಂಜೆಗೆ ಬಾ. ಎಂತಾ ಅಪ್ಪ ಬೇಕೋ ಅಂತೋನ್ನೇ ಕೊಡ್ತೀನಿ."

ಗಂಡಿನ ಕಡೆಯವರು ಪಟ ನೋಡಿ, "ಆಫೀಸರಾಗಿದ್ರಾ?" ಎಂದರು. ಅಮ್ಮ ತಲೆ ತಗ್ಗಿಸಿದಳು. ನಾನು "ಹೂಂ" ಎಂದೆ. ಮದುವೆಯಾಯಿತು.

ಹೋದ ತಿಂಗಳು ಮಾವ ತೀರಿಕೊಂಡರು. ಹನ್ನೊಂದನೇ ದಿನದ ಕಾರ್ಯಕ್ಕೆ ಹೋದೆ. ಅವರ ಮಗ ಕಂಪ್ಯೂಟರಿನಲ್ಲಿ ಮಾಡಿಸಿದ ಪಟಕ್ಕೆ ಹಾರ ಹಾಕಿದ್ದ. ಬೆಳ್ಳನೆ ಮುಖ, ನೀಲಿ ಕೋಟು, ಟೈ. ಆ ಮನುಷ್ಯ ಹುಟ್ಟಿದಾರಭ್ಯ ಕೋಟು ತೊಟ್ಟವರಲ್ಲ.

"ಸೆನ್ನಾಗಿ ಬಂದೈತಲ್ವಾ ಅಕ್ಕಾ?" ಎಂದ ಮಗ.

ಅವತ್ತೂ "ಹೂಂ" ಎಂದೆ. ನನ್ನ ಬಾಯಿಗೆ ಬೇರೆ ಮಾತೇ ಬರುವುದಿಲ್ಲವೇನೋ.

ಅಲ್ಲಿಂದ ತವರಿಗೆ ಹೋಗಿ ಅಪ್ಪನ ಪಟ ಇಳಿಸಿ, ಗಾಜು ಬಿಚ್ಚಿ, ಹುಬ್ಬಿನ ಮೇಲೆ ಬೆರಳಾಡಿಸಿದೆ. ಬಣ್ಣ ಅಲ್ಲಿ ಕೊಂಚ ದಪ್ಪ. ಅಪ್ಪನನ್ನು ಇದ್ದ ಹಾಗೆ ಬರೆದವರು ಮಾವ ಒಬ್ಬರೇ. ಅವರ ಕೈಯಿಂದಲೇ ಅವನನ್ನು ಅಳಿಸಿದವಳು ನಾನು.